ಹಡಗಿಗೆ ಮೊದಲು ಕಿವಿ ಬೇಕು

ಮಲ್ಪೆ, ಮೂಲ್ಕಿ ಎಂಬ ಹೆಸರಿನ ಎರಡು ಯುದ್ಧನೌಕೆಗಳಿವೆ ಎಂಬ ಸಂಗತಿ ನಮ್ಮ ಸಂಘದ ಬಾಂಧವರಲ್ಲಿ ಎಷ್ಟು ಜನಕ್ಕೆ ತಿಳಿದಿದೆಯೋ ಕಾಣೆ. 2024ರ ಸೆಪ್ಟೆಂಬರ್ 9ರಂದು ಕೊಚ್ಚಿಯ ಹಡಗು ಕಟ್ಟುವ ಕಾರ್ಖಾನೆಯಲ್ಲಿ ಎರಡನ್ನೂ ಒಂದೇ ದಿನ ನೀರಿಗಿಳಿಸಿದರು. ದೊಡ್ಡ ಹಡಗುಗಳೇನೂ ಅಲ್ಲ. ಉದ್ದ ಸುಮಾರು 78 ಮೀಟರ್, ಅಷ್ಟೆ. ತೀರಕ್ಕೆ ಹತ್ತಿರವಾದ, ಹೆಚ್ಚು ಆಳವಿಲ್ಲದ ನೀರಿನಲ್ಲಿ ಅಡಗಿ ಬರುವ ಪರದೇಶದ ಸಬ್‌ಮೆರೀನನ್ನು ಹುಡುಕಿ ಹೊಡೆಯುವುದು ಇವುಗಳ ಕೆಲಸ. ಇಂಥವು ಒಟ್ಟು 16. ಕೊಚ್ಚಿಯಲ್ಲಿ 8, ಕೋಲ್ಕತ್ತೆಯಲ್ಲಿ 8 ಎಂದು 2019ರ ಏಪ್ರಿಲಿನಲ್ಲಿ ಕರಾರಾಯಿತು. ಕೊಚ್ಚಿಯವುಗಳಲ್ಲಿ ಮೊದಲನೆಯದಾದ ‘ಮಾಹೆ’ 2025ರ ನವೆಂಬರ್ 24ರಂದು ನಮ್ಮ ಮುಂಬಯಿಯ ನೌಕಾ ಡಾಕ್‌ಯಾರ್ಡಿನಲ್ಲಿಯೇ ನೌಕಾದಳಕ್ಕೆ ಸೇರಿತು.

ಊರಿನ ಹೆಸರು ಹಡಗಿನ ಮೇಲೆ ಬಂದರೆ ಯಾರಿಗೆ ಸಂತೋಷವಾಗದು? ಮಲ್ಪೆ, ಮೂಲ್ಕಿ ಕಡೆಯಿಂದ ಬಂದು ಈ ಪಟ್ಟಣದ ಹೊಟೇಲುಗಳಲ್ಲಿ ಕಪ್ಪುಬಸಿ ತೊಳೆದು ಮನೆಗೆ ಮನಿಯಾರ್ಡರ್ ಕಳಿಸಿದವರು ಎಷ್ಟು ಮಂದಿಯೋ! ಆದರೆ ಸಂತೋಷಪಟ್ಟು ಸುಮ್ಮನಾಗುವುದಕ್ಕಾಗಿ ಈ ಲೇಖನ ಬರೆದಿಲ್ಲ. ಈ ಹಡಗುಗಳು ಮಾಡಬೇಕಾದ ಕೆಲಸ ಎಂಥದು, ಅದರಲ್ಲಿ ನಮ್ಮ ದೇಶ ಹಿಂದೆ ಬಿದ್ದದ್ದು ಯಾಕೆ ಎಂಬುದನ್ನು ಸ್ವಲ್ಪ ವಿಚಾರ ಮಾಡತಕ್ಕದ್ದಿದೆ. ‘ಪಗಾರ, ಬೋನಸ್ಸು, ರಜೆ ಇವುಗಳ ಮಾತಾಡುವ ಸಂಘದವರಿಗೆ ನೌಕಾದಳದ ಉಸಾಬರಿ ಯಾಕೆ?’ ಎಂದು ಕೇಳುವವರು ಉಂಟು. ಹಡಗನ್ನು ಕಟ್ಟುವವರು ಕೂಲಿಕಾರರು. ಅದರ ಹೊಟ್ಟೆಯೊಳಗೆ ಕುಳಿತು ಹೋಗುವವರು ನಮ್ಮಂಥವರ ಮಕ್ಕಳು. ಹಣ ಎಲ್ಲರದು. ಇದಕ್ಕಿಂತ ಬೇರೆ ಹಕ್ಕು ಬೇಕೇ?

ನೀರಿನೊಳಗೆ ಕಣ್ಣು ಕೆಲಸಕ್ಕೆ ಬಾರದು. ಸೂರ್ಯನ ಬೆಳಕು ಸ್ವಲ್ಪ ಆಳಕ್ಕೆ ಇಳಿದು ಸತ್ತುಹೋಗುತ್ತದೆ. ಆಕಾಶದಲ್ಲಿ ವಿಮಾನವನ್ನು ಹಿಡಿದುಕೊಡುವ ರೇಡಾರಿನ ಆಟವೂ ಅಲ್ಲಿ ನಡೆಯದು. ದೂರಕ್ಕೆ ಹೋಗಿ ಬರುವುದು ಸದ್ದು ಒಂದೇ. ಅದು ಗಾಳಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ವೇಗವಾಗಿ, ಸೆಕೆಂಡಿಗೆ ಸುಮಾರು 1500 ಮೀಟರಿನಂತೆ ನೀರಿನಲ್ಲಿ ಓಡುತ್ತದೆ. ಆದ್ದರಿಂದ ಸಬ್‌ಮೆರೀನನ್ನು ಹುಡುಕುವುದೆಂದರೆ ಕೇಳುವುದು. ಹಡಗು ತಾನೇ ಒಂದು ಕೂಗು ಹಾಕಿ ಅದರ ಮಾರ್ದನಿ ಬರುತ್ತದೆಯೇ ಎಂದು ಕಾಯಬಹುದು, ಇಲ್ಲವೇ ಬಾಯಿ ಮುಚ್ಚಿಕೊಂಡು ಎದುರಾಳಿಯ ಯಂತ್ರದ ಸದ್ದಿಗೆ ಕಿವಿಗೊಡಬಹುದು. ಈ ಎರಡೂ ಬಗೆಯ ಉಪಕರಣಕ್ಕೆ ಸೋನಾರ್ ಎನ್ನುತ್ತಾರೆ.

ಇಲ್ಲಿ ಒಂದು ತೊಡಕಿದೆ. ಗಿರಣಿಗಳು ನಿಂತು ವರ್ಷಗಳಾದರೂ ಮಗ್ಗದ ಖಾತೆಯಲ್ಲಿ ದುಡಿದ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರನ್ನು ಕೇಳಿ ನೋಡಿ. ಸಾವಿರ ಮಗ್ಗ ಬಡಿಯುವಾಗ ಪಕ್ಕದವನ ಮಾತು ಕೇಳುತ್ತಿತ್ತೇ? ಕೈಸನ್ನೆ, ತುಟಿಯ ಅಲುಗಾಟ ನೋಡಿಯೇ ವ್ಯವಹಾರ. ಹಡಗಿನ ಗತಿಯೂ ಅದೇ. ಜೋರಾಗಿ ಓಡಿದರೆ ತನ್ನ ಯಂತ್ರದ, ತನ್ನ ನೀರಿನ ಗದ್ದಲದಲ್ಲಿ ತನಗೇ ಏನೂ ಕೇಳುವುದಿಲ್ಲ. ಕೇಳಬೇಕೆಂದರೆ ಮೆಲ್ಲಗೆ ಹೋಗಬೇಕು. ಮೆಲ್ಲಗೆ ಹೋದರೆ ಹೊಡೆಯುವವನಿಗೆ ಸುಲಭವಾದ ಗುರಿ.

ಈ ತೊಡಕಿನಲ್ಲಿ ಸಿಕ್ಕಿ 194 ಜನ ಪ್ರಾಣ ಕಳೆದುಕೊಂಡದ್ದನ್ನು ಇಂದಿನ ತರುಣರು ತಿಳಿಯಬೇಕು. 1971ರ ಯುದ್ಧ. ಕರಾಚಿಯ ಬಂದರಿಗೆ ನಮ್ಮವರು ಬೆಂಕಿಯಿಟ್ಟ ಕಥೆಯನ್ನು ಎಲ್ಲರೂ ಹೇಳುತ್ತಾರೆ. ‘ಖುಕ್ರಿ’ಯ ಕಥೆಯನ್ನು ಹೇಳುವವರು ಕಡಿಮೆ. ಗುಜರಾತಿನ ಕರಾವಳಿಯ ಆಚೆ ಪಾಕಿಸ್ತಾನದ ಸಬ್‌ಮೆರೀನೊಂದು ತಿರುಗುತ್ತಿದೆ ಎಂಬ ಸುಳಿವು ಸಿಕ್ಕಿ, ಅದನ್ನು ಹುಡುಕಲು ‘ಖುಕ್ರಿ’, ‘ಕೃಪಾಣ್’ ಎಂಬ ಹಡಗುಗಳು ಇದೇ ಮುಂಬಯಿಯಿಂದ ಹೊರಟವು. ಬ್ರಿಟನ್ನಿನಲ್ಲಿ ಕಟ್ಟಿದ ಹಡಗುಗಳು. ಸಬ್‌ಮೆರೀನು ಹುಡುಕುವುದಕ್ಕೆಂದೇ ಕಟ್ಟಿದವು! ಆದರೆ ಅವುಗಳ ಸೋನಾರ್ ಹಳೆಯದು, ಕೇಳುವ ದೂರ ಕಡಿಮೆ. ‘ಖುಕ್ರಿ’ಯಲ್ಲಿ ಆ ದೂರವನ್ನು ಹೆಚ್ಚಿಸುವ ಒಂದು ಹೊಸ ಸಲಕರಣೆಯನ್ನು ಪರೀಕ್ಷೆಗಾಗಿ ಜೋಡಿಸಿದ್ದರು. ಕಿವಿಗೆ ಅನುಕೂಲವಾಗಲೆಂದು ಹಡಗು ನಿಧಾನವಾಗಿ ಸಾಗುತ್ತಿತ್ತು. ಎದುರಿಗಿದ್ದ ‘ಹಂಗೋರ್’ ಫ್ರಾನ್ಸಿನಲ್ಲಿ ಕಟ್ಟಿದ ಹೊಸ ನಮೂನೆಯದು. ಇವರಿಗೆ ಅದರ ಸುಳಿವು ಸಿಗುವ ಎಷ್ಟೋ ಮೊದಲೇ ಅದು ಇವರ ಸದ್ದನ್ನು ಹಿಡಿದಿತ್ತು.

ಡಿಸೆಂಬರ್ 9ರ ರಾತ್ರಿ, ದೀವಿನ ನೈಋತ್ಯಕ್ಕೆ, ‘ಹಂಗೋರ್’ ಮೊದಲ ಟಾರ್ಪೆಡೊವನ್ನು ‘ಕೃಪಾಣ್’ ಮೇಲೆ ಬಿಟ್ಟಿತು. ಅದು ಸಿಡಿಯಲಿಲ್ಲ. ಎರಡನೆಯದು ‘ಖುಕ್ರಿ’ಗೆ ತಗಲಿತು. ಕೆಲವೇ ನಿಮಿಷಗಳಲ್ಲಿ ಹಡಗು ಮುಳುಗಿತು. 18 ಅಧಿಕಾರಿಗಳು, 176 ನಾವಿಕರು ಅದರೊಡನೆ ಹೋದರು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ತಮ್ಮ ತೇಲುಜಾಕೀಟನ್ನು ಇನ್ನೊಬ್ಬನಿಗೆ ಕೊಟ್ಟು ಹಡಗಿನಲ್ಲೇ ಉಳಿದರು. ಅವರಿಗೆ ಮರಣಾನಂತರ ಮಹಾವೀರ ಚಕ್ರ ಬಂತು. ಆಮೇಲೆ ಹಡಗುಗಳು, ವಿಮಾನಗಳು ಸೇರಿ ದಿನಗಟ್ಟಲೆ ‘ಹಂಗೋರ್’ಗಾಗಿ ಸಮುದ್ರ ಜಾಲಾಡಿದವು. ಹುಡುಕಲು ಹೋದ ಒಂದು ಆಲಿಝೆ ವಿಮಾನವನ್ನು ಶತ್ರು ವಿಮಾನ ಹೊಡೆದು ಕೆಡವಿತು, ಒಳಗಿದ್ದ ಮೂವರೂ ಹಿಂತಿರುಗಲಿಲ್ಲ. ‘ಹಂಗೋರ್’ ಮಾತ್ರ ಸುರಕ್ಷಿತವಾಗಿ ಕರಾಚಿ ಸೇರಿತು.

ಅದೇ ಯುದ್ಧದಲ್ಲಿ ವಿಶಾಖಪಟ್ಟಣದ ಬಾಗಿಲಿನಲ್ಲಿ ಪಾಕಿಸ್ತಾನದ ‘ಘಾಝಿ’ ಮುಳುಗಿ ಅದರಲ್ಲಿದ್ದ ತೊಂಬತ್ತಕ್ಕೂ ಹೆಚ್ಚು ಜನ ಸತ್ತರು. ನಮ್ಮ ಸಿಡಿಗುಂಡಿನಿಂದಲೋ, ಅವರೇ ಹಾಸುತ್ತಿದ್ದ ಮೈನಿನಿಂದಲೋ ಎಂಬ ವಾದ ಎರಡು ದೇಶಗಳ ನಡುವೆ ಇನ್ನೂ ಮುಗಿದಿಲ್ಲ. ಅವರೂ ತಾಯಿ ಹೆತ್ತವರೇ. ಅದನ್ನು ಇಲ್ಲಿ ಹೇಳದಿದ್ದರೆ ಕಾರ್ಮಿಕರ ಪತ್ರಿಕೆ ಎಂಬ ಹೆಸರಿಗೆ ಶೋಭೆಯಲ್ಲ.

ಇನ್ನು, ಕಿವಿ ಇದ್ದರೂ ಯಾಕೆ ಕೇಳದು? ಇದಕ್ಕೆ ಸ್ವಾರಸ್ಯವಾದ ಒಂದು ಹಳೆಯ ಪ್ರಸಂಗವಿದೆ. 1930ರ ದಶಕದಲ್ಲಿ ಅಮೆರಿಕದ ನೌಕಾದಳದವರು ಕ್ಯೂಬಾದ ಗ್ವಾಂಟಾನಾಮೋ ಕೊಲ್ಲಿಯ ಬಳಿ ‘ಸೆಮ್ಸ್’ ಎಂಬ ಹಡಗಿನಲ್ಲಿ ಸೋನಾರ್ ಪರೀಕ್ಷೆ ಮಾಡುತ್ತಿದ್ದರು. ಬೆಳಿಗ್ಗೆ ಚೆನ್ನಾಗಿ ಕೇಳುತ್ತಿದ್ದ ಉಪಕರಣ ಮಧ್ಯಾಹ್ನದ ಮೇಲೆ ಮಂಕಾಗುತ್ತಿತ್ತು. ದಿನವೂ ಇದೇ ಕಥೆ. ಮೇಲಿನವರು ಏನು ಹೇಳಿದರು ಗೊತ್ತೇ? ‘ಊಟ ಜಡಿದು ಕೆಲಸಗಾರ ತೂಕಡಿಸುತ್ತಾನೆ’ ಎಂದರು! ಯಾವ ದೇಶವಾದರೇನು, ಯಾವ ಕಾಲವಾದರೇನು, ಯಂತ್ರ ಕೆಟ್ಟರೆ ಮೊದಲು ಕಾಣುವುದು ಕೈಕೆಳಗಿನವನ ತಪ್ಪು. ಗಲ್ಲಾದಲ್ಲಿ ಲೆಕ್ಕ ತಪ್ಪಿದರೆ ಮಾಣಿಯ ಜೇಬು ನೋಡುವ ಧಣಿಗಳನ್ನು ನಾವೂ ಕಂಡಿದ್ದೇವೆ.

ಆಮೇಲೆ ವುಡ್ಸ್ ಹೋಲ್ ಎಂಬಲ್ಲಿಯ ಸಮುದ್ರ ವಿಜ್ಞಾನಿಗಳು ಬಂದು ನೀರಿನ ಬಿಸಿಯನ್ನು ಆಳ ಆಳಕ್ಕೆ ಅಳೆದರು. ಕೆಲಸಗಾರ ತೂಕಡಿಸಿರಲಿಲ್ಲ, ಸಮುದ್ರವೇ ಬದಲಾಗಿತ್ತು. ಬೆಳಗಿನಿಂದ ಬಿಸಿಲು ಬಿದ್ದು ಮೇಲಿನ ನೀರು ಕಾಯುತ್ತದೆ, ಕೆಳಗಿನದು ತಣ್ಣಗೇ ಇರುತ್ತದೆ. ಬಚ್ಚಲ ಹಂಡೆಯಲ್ಲಿ ಕಲಕದೆ ಬಿಟ್ಟ ನೀರಿಗೆ ಕೈಯಿಟ್ಟವರಿಗೆಲ್ಲ ಇದು ಗೊತ್ತು. ಬಿಸಿ ನೀರಿನಲ್ಲಿ ಸದ್ದು ಬೇಗ ಓಡುತ್ತದೆ, ತಣ್ಣೀರಿನಲ್ಲಿ ನಿಧಾನ. ಎತ್ತಿನ ಗಾಡಿಯ ಒಂದು ಚಕ್ರ ಕೆಸರಿಗೆ ಸಿಕ್ಕರೆ ಗಾಡಿ ಆ ಕಡೆಗೇ ತಿರುಗುತ್ತದಲ್ಲ, ಹಾಗೆ ಸದ್ದು ತಣ್ಣೀರಿನ ಕಡೆಗೆ, ಅಂದರೆ ಕೆಳಕ್ಕೆ ಬಾಗಿಬಿಡುತ್ತದೆ. ನೇರ ಮುಂದೆ ಹೋಗುವುದಿಲ್ಲ. ಸದ್ದು ಮುಟ್ಟದ ಒಂದು ನೆರಳಿನ ಜಾಗ ಹುಟ್ಟುತ್ತದೆ. ಆ ನೆರಳಿನಲ್ಲಿ ಸಬ್‌ಮೆರೀನು ಹಾಯಾಗಿ ಕುಳಿತಿರಬಹುದು.

ಅಮೆರಿಕದವರಿಗೆ ಕ್ಯೂಬಾದಲ್ಲಿ ಕಂಡದ್ದು ನಮಗೆ ಮನೆಯ ಬಾಗಿಲಲ್ಲೇ ಉಂಟು. ನಮ್ಮ ಅರಬ್ಬಿ ಸಮುದ್ರ, ಬಂಗಾಳ ಕೊಲ್ಲಿ ಎರಡೂ ಬಿಸಿಲ ಸಮುದ್ರಗಳು. ಬಂಗಾಳ ಕೊಲ್ಲಿಯಲ್ಲಂತೂ ಗಂಗೆ, ಬ್ರಹ್ಮಪುತ್ರೆಗಳ ಸಿಹಿನೀರು ಉಪ್ಪುನೀರಿನ ಮೇಲೆ ಪದರಾಗಿ ನಿಲ್ಲುತ್ತದೆ. ತೀರದ ಹತ್ತಿರ ಬಂದರೆ ಮೀನುಗಾರರ ಟ್ರಾಲರುಗಳ ಗುಡುಗುಡು ಬೇರೆ. ಇಷ್ಟು ಸಾಲದೆಂದು ಒಂದು ಜಾತಿಯ ಸಿಗಡಿ ಇದೆ. ನಮ್ಮ ಎಟ್ಟಿ ಸುಕ್ಕದ ಎಟ್ಟಿಗೆ ದೂರದ ನೆಂಟ. ಅದು ತನ್ನ ಕೊಂಡಿಯನ್ನು ಪಟ್ಟೆಂದು ಬಡಿಯುತ್ತದೆ. ಲಕ್ಷಗಟ್ಟಲೆ ಒಟ್ಟಿಗೆ ಬಡಿದರೆ ಬೆಚ್ಚಗಿನ ತೀರದ ನೀರೆಲ್ಲ ಬಾಣಲೆಗೆ ಸಾಸಿವೆ ಹಾಕಿದಂತೆ ಚಟಪಟ. ಎರಡನೆಯ ಮಹಾಯುದ್ಧದಲ್ಲಿ ಸೋನಾರಿನವರಿಗೆ ಇದು ದೊಡ್ಡ ತಲೆನೋವಾಗಿತ್ತು. ಉತ್ತರದ ತಣ್ಣನೆಯ ಸಮುದ್ರಕ್ಕೆಂದು ಮಾಡಿದ ಕಿವಿಯನ್ನು ತಂದು ಇಲ್ಲಿ ಹಚ್ಚಿದರೆ ಅದು ತಬ್ಬಿಬ್ಬಾಗುವುದರಲ್ಲಿ ಆಶ್ಚರ್ಯವಿಲ್ಲ.

ಇದನ್ನು ಅರಿತು ದುಡಿದವರು ನಮ್ಮಲ್ಲಿ ಇಲ್ಲದೆ ಇಲ್ಲ. ಆರೋಗ್ಯಸ್ವಾಮಿ ಪೌಲ್‌ರಾಜ್ ಎಂಬ ನೌಕಾದಳದ ಅಧಿಕಾರಿ ಹದಿನೈದನೆಯ ವಯಸ್ಸಿಗೇ ಸೈನ್ಯದ ಶಾಲೆ ಸೇರಿದವರು. ಬಿ.ಎ. ಇಲ್ಲ, ಬಿ.ಎಸ್‌ಸಿ. ಇಲ್ಲ. ದಿಲ್ಲಿಯ ಐ.ಐ.ಟಿ.ಯಲ್ಲಿ ನೇರವಾಗಿ ಡಾಕ್ಟರೇಟಿಗೆ ಕುಳಿತರು. ‘ಖುಕ್ರಿ’ ಮುಳುಗಿದ ಮೇಲೆ ಹಳೆಯ ಬ್ರಿಟಿಷ್ ಸೋನಾರನ್ನು ತಿದ್ದಿ ಅದರ ಕಿವಿಯನ್ನು ಚುರುಕು ಮಾಡಿದರು. ಮುಂದೆ 1977ರಿಂದ 1983ರ ವರೆಗೆ ಕೊಚ್ಚಿಯ ನೌಕಾ ಪ್ರಯೋಗಾಲಯದಲ್ಲಿ ಅವರ ಮುಂದಾಳುತನದಲ್ಲಿ ‘ಅಪ್ಸೋ’ ಎಂಬ ಸ್ವದೇಶೀ ಸೋನಾರ್ ಹುಟ್ಟಿತು. ಅದನ್ನು ತಯಾರಿಸಿದ್ದು ನಮ್ಮ ಬೆಂಗಳೂರಿನ ಭಾರತ್ ಇಲೆಕ್ಟ್ರಾನಿಕ್ಸ್ ಕಾರ್ಖಾನೆ. ಜಾಲಹಳ್ಳಿಯ ಕಾರ್ಮಿಕರು ತಂತಿ ಬೆಸೆದು, ತಿರುಪು ಬಿಗಿದು ಕಳಿಸಿದ ಕಿವಿ ಅದು. ಡಿಗ್ರಿಯ ಚೀಟಿ ನೋಡದೆ ಕೆಲಸ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಬೇರೆ ಉದಾಹರಣೆ ಬೇಡ.

ಇಷ್ಟೆಲ್ಲ ಕಲಿತ ಮೇಲೂ ನಮ್ಮ ಸರಕಾರ ಮಾಡಿದ್ದೇನು? ಬಿಸಿನೀರಿನ ಪದರದ ಕೆಳಗೆ ಅಡಗಿದವನನ್ನು ಕೇಳಬೇಕಾದರೆ ಕಿವಿಯನ್ನೂ ಆ ಪದರದ ಕೆಳಗೆ ಇಳಿಸಬೇಕು. ಅದಕ್ಕಾಗಿ ಹಡಗಿನ ಹಿಂದೆ ಬಹುದೂರ, ಹಗ್ಗದಂಥ ಉದ್ದ ಕೇಬಲ್ಲಿನಲ್ಲಿ ಕಿವಿಗಳ ಸಾಲನ್ನೇ ಎಳೆದುಕೊಂಡು ಹೋಗುವ ಸೋನಾರ್ ಉಂಟು. ಹಡಗಿನ ಗದ್ದಲದಿಂದಲೂ ಅದು ದೂರವಿರುತ್ತದೆ. ಹೀಗೆ ಮೇಲೆ ಹೇಳಿದ ಎರಡೂ ತೊಡಕಿಗೆ ಅದು ಮದ್ದು. 2014ರ ಆಗಸ್ಟ್ 16ರಂದು ಮುಂಬಯಿಯಲ್ಲಿ ಪ್ರಧಾನಮಂತ್ರಿಗಳ ಕೈಯಿಂದ ‘ಕೋಲ್ಕತಾ’ ಎಂಬ ಭಾರಿ ಹಡಗು ನೌಕಾದಳಕ್ಕೆ ಸೇರಿತು. ಮಾಝಗಾಂವ್ ಡಾಕಿನ ಕಾರ್ಮಿಕರು ಕಟ್ಟಿದ್ದು. ಅವರ ಕೆಲಸಕ್ಕೆ ಕೈಮುಗಿಯಬೇಕು. ವಾರ ಕಳೆದು ಆಗಸ್ಟ್ 23ಕ್ಕೆ ವಿಶಾಖಪಟ್ಟಣದಲ್ಲಿ ‘ಕಾಮೋರ್ತಾ’ ಸೇರಿತು. ಇದು ಸಬ್‌ಮೆರೀನ್ ಬೇಟೆಗೆಂದೇ ಕಟ್ಟಿದ ಹಡಗು. ಬಾವುಟ, ಬ್ಯಾಂಡು, ಭಾಷಣ ಎಲ್ಲ ಆಯಿತು. ಎರಡು ಹಡಗಿಗೂ ಆ ಎಳೆಯುವ ಸೋನಾರ್ ಮಾತ್ರ ಇರಲಿಲ್ಲ! ಬೇಟೆಗಾರನನ್ನು ಕಿವಿಗೆ ಹತ್ತಿ ತುರುಕಿ ಕಾಡಿಗೆ ಕಳಿಸಿದ ಹಾಗಾಯಿತು. ಸ್ವದೇಶದಲ್ಲಿ ಅಂಥದನ್ನು ಮಾಡುವ ‘ನಾಗನ್’ ಎಂಬ ಯೋಜನೆ 2012ರಲ್ಲೇ ನಿಂತುಹೋಗಿತ್ತು. ಪರದೇಶದಿಂದ ಕೊಳ್ಳುವ ಕಾಗದ ವರ್ಷಗಟ್ಟಲೆ ಮೇಜಿನಿಂದ ಮೇಜಿಗೆ ತಿರುಗುತ್ತಿತ್ತು. ಆರು ಹಡಗುಗಳಿಗಾಗಿ ಜರ್ಮನಿಯ ಅಟ್ಲಾಸ್ ಕಂಪನಿಯೊಡನೆ ಕರಾರಾದದ್ದು ಅದೇ ವರ್ಷದ ಕೊನೆಗೆ.

ಹೆಲಿಕಾಪ್ಟರುಗಳದೂ ಇದೇ ರಾಗ. ಬಾವಿಗೆ ಕೊಡ ಇಳಿಬಿಟ್ಟಂತೆ ಆಕಾಶದಲ್ಲಿ ನಿಂತು ಸೋನಾರನ್ನು ನೀರಿಗೆ ಇಳಿಬಿಡುವ ಹೆಲಿಕಾಪ್ಟರು ಸಬ್‌ಮೆರೀನಿಗೆ ದೊಡ್ಡ ಭಯ. ನಮ್ಮ ಹಳೆಯ ಸೀ ಕಿಂಗ್‌ಗಳು ಮುದಿಯಾಗಿ ಎಷ್ಟೋ ಕಾಲವಾದ ಮೇಲೆ, 2020ರಲ್ಲಿ ಅಮೆರಿಕದಿಂದ 24 ಹೊಸವನ್ನು ತರಿಸುವ ಒಪ್ಪಂದವಾಯಿತು. ಮೊದಲ ತಂಡ ಕೊಚ್ಚಿಯಲ್ಲಿ ನಿಂತದ್ದು 2024ರ ಮಾರ್ಚಿನಲ್ಲಿ. ಒಳ್ಳೆಯದನ್ನೂ ಹೇಳಬೇಕಲ್ಲ. ಪಿ-8ಐ ವಿಮಾನಗಳು 2013ರಿಂದ ಬಂದು ಈಗ 12 ಇವೆ. ಸಮುದ್ರದ ಮೇಲೆ ಸಣ್ಣ ಸಣ್ಣ ತೇಲುವ ಕಿವಿಗಳನ್ನು ಉದುರಿಸಿ ಅವು ಹೇಳುವುದನ್ನು ಮೇಲಿನಿಂದಲೇ ಕೇಳುತ್ತವೆ. ಆದರೆ ವಿಮಾನ ಎಷ್ಟು ಹೊತ್ತು ಒಂದೇ ಕಡೆ ಸುತ್ತೀತು? ಹಡಗಿನ ಜೊತೆಗೆ ಹೋಗುವ ಕಿವಿಗೆ ಅದು ಬದಲಿಯಲ್ಲ.

ಮಲ್ಪೆ, ಮೂಲ್ಕಿಗಳ ಸಾಲಿನ ಹಡಗುಗಳಿಗೂ ಕರಾರಿನ ಪ್ರಕಾರ 42 ತಿಂಗಳಲ್ಲಿ ಮೊದಲನೆಯದು ಕೈಗೆ ಬರಬೇಕಿತ್ತು, ಅಂದರೆ 2022ರ ಅಕ್ಟೋಬರಿಗೆ. ಕೊಚ್ಚಿಯ ‘ಮಾಹೆ’ ಬಂದದ್ದು 2025ರ ಅಕ್ಟೋಬರಿನಲ್ಲಿ. ಮೂರು ವರ್ಷ ತಡ. ನಡುವೆ ಕೊರೋನಾದ ಕಾಲವಿತ್ತು, ಒಪ್ಪೋಣ. ಹೊಟೇಲಿಗೆ ಅರ್ಧ ತಾಸು ತಡವಾಗಿ ಬಂದ ಹುಡುಗನ ಪಗಾರ ಕತ್ತರಿಸುವ ಲೋಕದಲ್ಲಿ ಮೂರು ವರ್ಷದ ಲೆಕ್ಕವನ್ನು ಯಾರಾದರೂ ಕೊಡಬೇಡವೇ?

ನನ್ನ ಅಭಿಪ್ರಾಯ ಇಷ್ಟೇ. ಹೊಸ ನೌಕಾದಳ ಎಂದರೆ ಕಣ್ಣಿಗೆ ಕಾಣುವ ಹಡಗು ಎಂದು ನಮ್ಮವರು ತಿಳಿದಿದ್ದಾರೆ. ಉದ್ದ ಎಷ್ಟು, ಟನ್ ಎಷ್ಟು, ಕ್ಷಿಪಣಿ ಎಷ್ಟು ಎಂದು ಪತ್ರಿಕೆಗಳೂ ಅದನ್ನೇ ಬರೆಯುತ್ತವೆ. ನೀರಿನ ಕೆಳಗೆ ಇಳಿಯುವ ಸೋನಾರಿನ ಫೋಟೋ ತೆಗೆಯಲು ಬರುವುದಿಲ್ಲ, ಅದಕ್ಕೆ ರಿಬ್ಬನ್ ಕಟ್ಟಲು ಬರುವುದಿಲ್ಲ. ಆದ್ದರಿಂದ ಅದರ ಹಣ ಕೊನೆಗೆ ಬಿಡುಗಡೆ. ಹೊಟೇಲು ಕಟ್ಟುವ ಧಣಿಯೂ ಹೀಗೆಯೇ. ಮುಂದೆ ಕನ್ನಡಿ, ಅಮೃತಶಿಲೆಯ ಮೇಜು. ಒಳಗೆ ಅಡಿಗೆಮನೆಗೆ ಹೊಗೆ ಹೋಗುವ ಕಿಂಡಿ ಇಲ್ಲ. ‘ನೌಕಾದಳಕ್ಕೆ ಇನ್ನಷ್ಟು ಹಣ ಸುರಿಯಿರಿ’ ಎಂದು ನಾನು ಹೇಳುತ್ತಿಲ್ಲ. ಆಸ್ಪತ್ರೆಗೂ ಶಾಲೆಗೂ ಹಣ ಸಾಲದ ದೇಶ ಇದು. ಸುರಿಯುವ ಹಣದಲ್ಲಿ ಕಿವಿಯದನ್ನು ಮೊದಲು ತೆಗೆದಿಡಿ, ಆಮೇಲೆ ಹಡಗಿಗೆ ಕೈಹಾಕಿ ಎನ್ನುತ್ತೇನೆ. ಒಂದು ಹಡಗು ಕಡಿಮೆಯಾದರೂ ಅಡ್ಡಿಯಿಲ್ಲ, ಇರುವುದು ಕಿವುಡಾಗಿರಬಾರದು.

ಉಪಕರಣವನ್ನು ಕೂಡಿಸಿದರೂ ಅರ್ಧ ಕೆಲಸ. ಕತ್ತಲ ಕೋಣೆಯಲ್ಲಿ ಕಿವಿಗೆ ಯಂತ್ರ ಕಟ್ಟಿಕೊಂಡು ಕುಳಿತು, ಇದು ತಿಮಿಂಗಿಲ, ಇದು ಟ್ರಾಲರ್, ಇದು ಸಿಗಡಿ, ಇದು ಮಾತ್ರ ಬೇರೆ ಏನೋ ಎಂದು ಹೇಳತಕ್ಕ ಮನುಷ್ಯ ಬೇಕು. ಅವನು ಒಂದು ವರ್ಷದಲ್ಲಿ ತಯಾರಾಗುವುದಿಲ್ಲ. ದೋಸೆಕಲ್ಲಿನ ಮೇಲೆ ನೀರು ಚಿಮುಕಿಸಿ ಆ ಸದ್ದಿನಿಂದಲೇ ಕಾವು ತಿಳಿಯುವ ಅಡಿಗೆಭಟ್ಟ ಎಷ್ಟು ವರ್ಷಕ್ಕೆ ತಯಾರಾದನೆಂದು ಯೋಚಿಸಿ ನೋಡಿ. ಅಂಥವನನ್ನು ಕಲಿತ ಜಾಗದಲ್ಲೇ ಉಳಿಸಿಕೊಳ್ಳಬೇಕು, ಬಡ್ತಿ ಕೊಡಬೇಕು, ಪಾಳಿಯ ನಡುವೆ ನಿದ್ದೆ ಕೊಡಬೇಕು. ಕೇಳಲಿಲ್ಲ ಎಂದ ದಿನ ಅವನನ್ನು ತೂಕಡಿಸಿದ ಎಂದು ಬೈಯುವ ಮುಂಚೆ ನೀರಿನ ಬಿಸಿ ಅಳೆಯಬೇಕು.

ಕಾಣದವರ ಲೆಕ್ಕ ಕೊನೆಗೆ ಎಂಬ ಈ ರೋಗ ಸಮುದ್ರದಲ್ಲಿ ಮಾತ್ರ ಇಲ್ಲ. ನಮ್ಮ ಕಾರವಾರದ ನೌಕಾನೆಲೆಗೆ 1986ರಲ್ಲಿ ರಾಜೀವ ಗಾಂಧಿಯವರು ಅಡಿಗಲ್ಲು ಹಾಕಿದರು. 2005ರ ಮೇ 31ರಂದು ‘ಕದಂಬ’ ನೆಲೆ ತೆರೆಯಿತು. ಕಾರವಾರ, ಅಂಕೋಲೆ ತಾಲೂಕುಗಳ ಸಾವಿರಾರು ಕುಟುಂಬಗಳು ಗದ್ದೆ, ತೋಟ, ದೋಣಿ ಎಳೆಯುವ ದಂಡೆ ಬಿಟ್ಟು ಎದ್ದವು. ಪರಿಹಾರದ ಮೊಕದ್ದಮೆಗಳು ದಶಕಗಟ್ಟಲೆ ಕೋರ್ಟಿನಲ್ಲಿ ತೆವಳಿದವು. ಅಪ್ಪ ಹಾಕಿದ ಅರ್ಜಿಯ ತೀರ್ಪನ್ನು ಮಗ ಕೇಳಿದ. ನೆಲೆ ಬೇಡ ಎನ್ನುವವ ನಾನಲ್ಲ. ಆದರೆ ಜಾಗ ಬಿಟ್ಟವನ ದುಡ್ಡು ಹಡಗಿನ ದುಡ್ಡಿಗಿಂತ ಮೊದಲು ಬರಬೇಕಿತ್ತು.

ಅತ್ತ ಪಾಕಿಸ್ತಾನ 2015ರಲ್ಲಿ ಚೀನಾದೊಡನೆ ಎಂಟು ಹೊಸ ಸಬ್‌ಮೆರೀನುಗಳಿಗೆ ಒಪ್ಪಂದ ಮಾಡಿಕೊಂಡಿತು. ನಾಲ್ಕು ಚೀನಾದಲ್ಲಿ, ನಾಲ್ಕು ಕರಾಚಿಯಲ್ಲಿ ಕಟ್ಟುವುದೆಂದಾಯಿತು. ಮೊದಲನೆಯದು 2024ರ ಏಪ್ರಿಲಿನಲ್ಲಿ ನೀರಿಗಿಳಿಯಿತು. ಆ ಇಡೀ ಸಾಲಿಗೆ ಅವರಿಟ್ಟ ಹೆಸರು ‘ಹಂಗೋರ್’. ಅವರು ಮರೆತಿಲ್ಲ. ಯುದ್ಧ ಬಾರದಿರಲಿ, ಬಂದರೆ ಸಾಯುವವರು ಎರಡೂ ಕಡೆಯ ಬಡವರ ಮಕ್ಕಳೇ. ಆದರೆ ಯುದ್ಧವನ್ನು ತಡೆಯುವುದಕ್ಕೂ ಕಿವಿ ಬೇಕು. ಬಂದದ್ದು ಯಾರು ಎಂದು ತಿಳಿಯದವನೇ ಹೆದರಿ ಮೊದಲು ಹೊಡೆಯುವುದು.

ಶಾಂತಿಯ ಕಾಲದಲ್ಲಿಯೂ ಈ ಕಿವಿಗೆ ಕೆಲಸ ಬೀಳುತ್ತದೆ. 2018ರ ಡಿಸೆಂಬರ್ 13ರಂದು ಅದೇ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಎಂಬ ಮೀನುಗಾರಿಕೆಯ ದೋಣಿ ಏಳು ಜನರೊಡನೆ ಕಾಣೆಯಾಯಿತು. ಉಡುಪಿ, ಉತ್ತರ ಕನ್ನಡಗಳ ಏಳು ಮನೆಗಳು ತಿಂಗಳುಗಟ್ಟಲೆ ಬಾಗಿಲು ನೋಡಿದವು. ನೌಕಾದಳದ ‘ನಿರೀಕ್ಷಕ್’ ಹಡಗು ಮಾಲ್ವಣದ ಆಚೆ ಸಮುದ್ರದ ತಳದಲ್ಲಿ ದೋಣಿಯ ಅವಶೇಷವನ್ನು ಸೋನಾರಿನಿಂದ ಹುಡುಕಿದ ಸುದ್ದಿ ಬಂದದ್ದು 2019ರ ಮೇ ತಿಂಗಳಲ್ಲಿ. ಐದು ತಿಂಗಳು! ದೋಣಿ ಮುಳುಗಿದ್ದು ಹೇಗೆ ಎಂಬ ಪ್ರಶ್ನೆಯನ್ನು ಆ ಮನೆಯವರು ಅದಕ್ಕೂ ಮೊದಲಿನಿಂದ ಕೇಳುತ್ತಿದ್ದರು, ಆಮೇಲೂ ಕೇಳಿದರು.

ನಮ್ಮ ಊರಿನ ಹೆಸರಿನ ಹಡಗುಗಳ ಸಮಾರಂಭಕ್ಕೆ ಕರಾವಳಿಯ ಸಂಸತ್ ಸದಸ್ಯರು ಬಿಳಿ ಪಂಚೆಯುಟ್ಟು ಹೋಗುವವರೇ. ಹೋಗಲಿ, ಸಂತೋಷ. ಮುಂದಿನ ಅಧಿವೇಶನದಲ್ಲಿ ಅವರು ರಕ್ಷಣಾ ಮಂತ್ರಿಗಳಿಗೆ ಹಾಕಬೇಕಾದ ಪ್ರಶ್ನೆ ಸುಲಭದ್ದು: ಹದಿನಾರು ಹಡಗುಗಳಲ್ಲಿ ಎಷ್ಟಕ್ಕೆ ಪೂರಾ ಸೋನಾರ್ ಕೂಡಿಸಿ ಪರೀಕ್ಷೆ ಮುಗಿದಿದೆ? ತಡವಾದ ಮೂರು ವರ್ಷಕ್ಕೆ ಯಾರು ಜವಾಬು ಕೊಟ್ಟರು? ಈ ಎರಡು ಪ್ರಶ್ನೆಗಳನ್ನು ಬರೆದು ನಮ್ಮ ಸಂಘದ ಮುದ್ರೆ ಒತ್ತಿ ಅವರಿಗೆ ಅಂಚೆಯಲ್ಲಿ ಕಳಿಸುವ ಸೂಚನೆಯನ್ನು ಕಾರ್ಯಕಾರಿ ಸಮಿತಿಯ ಮುಂದಿಟ್ಟಿದ್ದೇನೆ. ಸಹಿ ಹಾಕುವವರು ಪಾಳಿ ಮುಗಿದ ಮೇಲೆ ಕಚೇರಿಗೆ ಬರಬಹುದು.